ಮೊದಲ ಬಾರಿ ಕೇಕ್ ಕೆತ್ತುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಕಾರಿನ ಆಕಾರದ ಕೇಕ್ ಕೆತ್ತಲಿದ್ದೇವೆ. ಕೇಕನ್ನು ಶನಿವಾರವೇ ಬೇಯಿಸಿ, ಪೂರ್ತಿ ಆರಿದ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬಿಸಿ ಕೇಕಿಗೆ ಚಾಕು ತಾಗಿಸಿದರೆ ಬರೀ ಪುಡಿ ಉದುರುತ್ತದೆ. ಹಗುರವಾದ ಸ್ಪಂಜ್ ಬೇಡವೇ ಬೇಡ. ಬೆಣ್ಣೆ ಹಾಕಿದ ಗಟ್ಟಿ ಕೇಕ್ ಇರಲಿ.

ಹಲ್ಲಿರುವ ಬ್ರೆಡ್ ಚಾಕು ತನ್ನಿ. ಕಾರಿನ ಪಕ್ಕನೋಟವನ್ನು ಅಳತೆಗೆ ಸರಿಯಾಗಿ ಕಾಗದದಲ್ಲಿ ಕತ್ತರಿಸಿ, ಕೇಕಿಗೆ ಒತ್ತಿ ಹಿಡಿದು, ಅದರ ಅಂಚಿನಗುಂಟ ಕೊಯ್ಯಬೇಕು. ಒಂದೇ ಸಲಕ್ಕೆ ದೊಡ್ಡ ತುಂಡು ತೆಗೆಯಬೇಡಿ. ತೆಳುವಾಗಿ ಹೆರೆಯುತ್ತಾ, ಆಗಾಗ ದೂರ ನಿಂತು ನೋಡಿ. ಹೆಚ್ಚು ಕೊಯ್ದರೂ ಗಾಬರಿ ಬೇಡ: ಉದುರಿದ ಪುಡಿಗೆ ಗನಾಶ್ (ಚಾಕೊಲೇಟ್ ಮತ್ತು ಕ್ರೀಮ್ ಕಲಸಿದ ಲೇಪ) ಕಲಸಿದರೆ ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತಬಹುದು. (ಆದ್ದರಿಂದ ಚೂರುಗಳನ್ನು ಆಗಲೇ ಮಕ್ಕಳ ಕೈಗೆ ಕೊಟ್ಟುಬಿಡಬೇಡಿ!)

ಗನಾಶ್‌ಗೆ ಡಾರ್ಕ್ ಚಾಕೊಲೇಟ್ 2 ಪಾಲು, ಕ್ರೀಮ್ 1 ಪಾಲು. ಬಿಳಿ ಚಾಕೊಲೇಟ್ ಆದರೆ 3ಕ್ಕೆ 1. ಮೊದಲು ತೆಳುವಾಗಿ ಸವರಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಪುಡಿ ಅಲ್ಲೇ ಅಂಟಿಕೊಳ್ಳುತ್ತದೆ; ಆಮೇಲೆ ದಪ್ಪ ಪದರ. ನಮ್ಮ ಸೆಕೆಗೆ ಬೆಣ್ಣೆಯ ಕ್ರೀಮಿಗಿಂತ ಇದೇ ವಾಸಿ.

ಚಕ್ರಗಳಿಗೆ ಕ್ರೀಮ್ ಬಿಸ್ಕತ್ತು ನಾನು ತರುತ್ತೇನೆ. ಕೇಕ್ ಇಡುವ ಹಲಗೆ ಹೆಚ್ಚುವರಿ ಯಾರಲ್ಲಿದೆ, ಶುಕ್ರವಾರದೊಳಗೆ ತಿಳಿಸಿ.