ಅಕ್ಕನಿಗೆ ಇಲ್ಲದ ಓಟು

ನಮ್ಮ ಕನ್ನಡ ಸಂಘದ ಎಲ್ಲರಿಗೂ ನಮಸ್ಕಾರ.

2025ರ ನವೆಂಬರ್ 4ರ ಬೆಳಿಗ್ಗೆ ಓಟು ಹಾಕಿ ಬಂದು ಬೆಂಗಳೂರಿನ ಅಕ್ಕನಿಗೆ ಫೋನ್ ಮಾಡಿದೆ. ಇಲ್ಲಿ ಅಮೆರಿಕದ ಒಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ ಇವತ್ತು ಮೇಯರ್ ಚುನಾವಣೆ ಅಂದೆ. "ಪುಣ್ಯವಂತ ಕಣೋ. ನಾನು ಕಾರ್ಪೊರೇಷನ್‌ಗೆ ಓಟು ಹಾಕಿ ಹತ್ತು ವರ್ಷ ಆಯ್ತು" ಅಂದಳು.

ನಿಜ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ಆಮೇಲೆ 2025ರವರೆಗೂ ಮೇಯರೂ ಇರಲಿಲ್ಲ, ಕಾರ್ಪೊರೇಟರೂ ಇರಲಿಲ್ಲ. ಮನೆ ಮುಂದಿನ ಮೋರಿ ಕಟ್ಟಿಕೊಂಡರೆ ಯಾರನ್ನು ಕೇಳಬೇಕು ಅಂತಲೇ ಅಕ್ಕನಿಗೆ ಗೊತ್ತಾಗುತ್ತಿರಲಿಲ್ಲ. ಇಲ್ಲಿ ನಾವೇ ನೇರವಾಗಿ, 4 ವರ್ಷಕ್ಕೆ ಮೇಯರನ್ನು ಆರಿಸುತ್ತೇವೆ. ಆದರೂ ದೀಪಾವಳಿ ಊಟದಲ್ಲಿ ನಾನು ಈ ವಿಷಯ ಎತ್ತಿದಾಗ, ಪೌರತ್ವ ಬಂದು ವರ್ಷಗಳಾದ ಸ್ನೇಹಿತರೇ "ಈ ವರ್ಷ ಯಾವ ಚುನಾವಣೆ?" ಅಂತ ಕೇಳಿದರು. ಬೇಜಾರಾಯಿತು.

ಫಲಿತಾಂಶ ನಿಮಗೆ ಗೊತ್ತೇ ಇದೆ. ಅಫ್ತಾಬ್ ಪುರೆವಾಲ್ ಮುಕ್ಕಾಲು ಪಾಲಿಗಿಂತ ಜಾಸ್ತಿ ಓಟು ಪಡೆದು ಎರಡನೇ ಸಲ ಗೆದ್ದರು. ಸೋತವರು ಕೋರಿ ಬೌಮನ್, ಅಮೆರಿಕದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಅವರ ಮಲತಮ್ಮ. ಪುರೆವಾಲ್ ಅವರ ತಂದೆ ಪಂಜಾಬಿ. ತಾಯಿ ಚಿಕ್ಕಂದಿನಲ್ಲೇ ಟಿಬೆಟ್ ಬಿಟ್ಟು ಬಂದು ದಕ್ಷಿಣ ಭಾರತದ ನಿರಾಶ್ರಿತರ ಶಿಬಿರದಲ್ಲಿ ಬೆಳೆದವರು. ಬೈಲಕುಪ್ಪೆ ನೋಡಿದವರಿಗೆ ಆ ಬದುಕನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಅಂಥ ತಾಯಿಯ ಮಗ ಈ ಊರಿನ ಮೇಯರ್ ಅಂದರೆ ನನಗೆ ಖುಷಿಯೇ. ಆದರೆ ನಮ್ಮ ಸಂಘ ಲಾಭರಹಿತ ಸಂಸ್ಥೆ, ಇಂಥವರಿಗೇ ಹಾಕಿ ಅಂತ ಹೇಳುವ ಹಾಗಿಲ್ಲ. ಹೋಗಿ ಹಾಕಿ ಅನ್ನುವುದಷ್ಟೇ ನನ್ನ ಮಾತು.

ಊರಿನ ಓಟಿಗೆ ಎಷ್ಟು ತೂಕ ಅಂತ ನನಗೆ ಅರ್ಥವಾದದ್ದು 2023ರಲ್ಲಿ. ಸಿನ್ಸಿನಾಟಿಗೆ ಸ್ವಂತ ರೈಲು ಮಾರ್ಗ ಇತ್ತು, ಇಲ್ಲಿಂದ ಟೆನೆಸ್ಸಿಯ ಚಾಟನೂಗವರೆಗೆ, 1880ರಿಂದಲೂ ಓಡುತ್ತಿದ್ದದ್ದು. ಅದನ್ನು ನಾರ್ಫೋಕ್ ಸದರ್ನ್ ಕಂಪನಿಗೆ 160 ಕೋಟಿ ಡಾಲರಿಗೆ ಮಾರಬೇಕೋ ಬೇಡವೋ ಅಂತ ಮತದಾರರನ್ನೇ ಕೇಳಿದರು. ಮಾರೋಣ ಅಂದರು ಮೇಯರ್. ಹಿರಿಯರು ಮಾಡಿಟ್ಟ ಆಸ್ತಿ, ಬೇಡ ಅಂದವರೂ ಬಹಳ. ಕೊನೆಗೆ ಸಣ್ಣ ಅಂತರದಲ್ಲಿ ಒಪ್ಪಿಗೆ ಸಿಕ್ಕಿ, 2024ರಲ್ಲಿ ಮಾರಿದ್ದೂ ಆಯಿತು. ಆ ಹಣದಿಂದ ಬರುವ ಆದಾಯವನ್ನು ರಸ್ತೆ, ಸೇತುವೆ, ಪಾರ್ಕುಗಳ ರಿಪೇರಿಗೆ ಬಳಸಬೇಕು. ಅಷ್ಟು ದೊಡ್ಡ ತೀರ್ಮಾನ ಅಷ್ಟು ಸಣ್ಣ ಅಂತರದಲ್ಲಿ ಆದಾಗ ನಮ್ಮಲ್ಲಿ ಎಷ್ಟು ಜನ ಸುಮ್ನೆ ಮನೆಯಲ್ಲಿದ್ದೆವು?

ಮತಪತ್ರದಲ್ಲಿ ಮೇಯರ್, ಕೌನ್ಸಿಲ್ ಅಭ್ಯರ್ಥಿಗಳ ಮುಂದೆ ಪಕ್ಷದ ಹೆಸರಿಲ್ಲ, ಚಿಹ್ನೆಯೂ ಇಲ್ಲ. ಬರೀ ಹೆಸರು, ಪಕ್ಕದಲ್ಲಿ ಪೆನ್ನಿನಿಂದ ತುಂಬುವ ಸಣ್ಣ ಸೊನ್ನೆ. ಮೇಯರಿಗೆ ಒಂದು, ಕೌನ್ಸಿಲ್‌ಗೆ ಒಂಬತ್ತರವರೆಗೆ. ಓದಿಕೊಂಡು ಹೋಗದಿದ್ದರೆ ಕೈ ಅಲ್ಲೇ ನಿಂತುಬಿಡುತ್ತದೆ. ನಾನು ಮನೆಯಲ್ಲೇ ಚೀಟಿ ಬರೆದುಕೊಂಡು ಹೋಗಿದ್ದೆ.

ಊರಾಚೆಯ ಮೇಸನ್, ವೆಸ್ಟ್ ಚೆಸ್ಟರ್ ಕಡೆ ಇರುವವರಿಗೆ ಸಿನ್ಸಿನಾಟಿ ಮೇಯರ್ ಓಟು ಬರುವುದಿಲ್ಲ. ಆದರೆ ನಿಮ್ಮ ಮಕ್ಕಳ ಶಾಲಾ ಮಂಡಳಿಯ ಚುನಾವಣೆಯೂ ಬೆಸ ವರ್ಷದ ನವೆಂಬರಿನಲ್ಲೇ ಬರುತ್ತದೆ. ಇನ್ನೊಂದು ಮಾತು, ದಯವಿಟ್ಟು ಗಮನಿಸಿ: ಗ್ರೀನ್ ಕಾರ್ಡ್ ಇರುವವರು, ಅಂದರೆ ಇನ್ನೂ ಪೌರತ್ವ ಸಿಗದವರು, ಮತದಾರರ ಪಟ್ಟಿಗೆ ಹೆಸರು ಕೊಡಬೇಡಿ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಅವರಾಗಿಯೇ ಕೇಳಿದರೂ ಬೇಡ ಅನ್ನಿ. ಮುಂದೆ ಪೌರತ್ವಕ್ಕೇ ಕುತ್ತು ಬರಬಹುದು.

ಪೌರತ್ವ ಸಿಕ್ಕಿದವರು ಚುನಾವಣೆಗೆ 30 ದಿನ ಮೊದಲೇ ಹೆಸರು ಸೇರಿಸಬೇಕು. ಯುಗಾದಿ ಕಾರ್ಯಕ್ರಮದ ದಿನ ಊಟದ ಹಾಲಿನ ಬಾಗಿಲ ಹತ್ತಿರ ಒಂದು ಮೇಜು ಹಾಕಿ ಫಾರಂ ಇಟ್ಟುಕೊಂಡು ಕೂತಿರುತ್ತೇನೆ. ಒಬ್ಬಟ್ಟು ತಿನ್ನುವ ಮೊದಲು ಐದು ನಿಮಿಷ ಬನ್ನಿ.