ಅಪ್ಪ, ಸಂಘದ ಪುಸ್ತಕ ಗಿರಿಯ ಕೈಗೆ ಕೊಡಿ

ಗ್ರೀನಕ್, ಸ್ಕಾಟ್ಲೆಂಡ್
ಜನವರಿ 27

ತೀರ್ಥರೂಪು ಅಪ್ಪನವರಿಗೆ ವಸುಧಾ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ಕುಶಲ ಎಂದು ಬರೆದೆನೇ ಹೊರತು ಅಕ್ಕನ ಪತ್ರ ಬಂದಾಗಿನಿಂದ ನನಗೆ ನಿದ್ದೆ ಹತ್ತುತ್ತಿಲ್ಲ. ಸಂಘದ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಅಲ್ಲೇ ಕುಳಿತಿರಂತೆ. ಮನೆಗೆ ಬಂದು ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿದು ಮಲಗಿದಿರಂತೆ. ಆಂಜಿಯೋಗ್ರಾಂ ಮಾಡಿಸಿ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಪಂಚಾಂಗದೊಳಗೆ ಮಡಿಸಿಟ್ಟ ಹಾಗೇ ಇದೆಯಂತೆ. ಸುವರ್ಣ ಮಹೋತ್ಸವ ಮುಗಿಯಲಿ, ಸ್ಮರಣ ಸಂಚಿಕೆ ಅಚ್ಚಾಗಲಿ, ಆಮೇಲೆ ಶಿವಮೊಗ್ಗಕ್ಕೆ ಹೋದರಾಯಿತು ಎಂದಿರಂತೆ. ಅಪ್ಪ, ನಾನು ದಿನವೂ ಹೃದಯದ ವಾರ್ಡಿನಲ್ಲಿ ಕೆಲಸ ಮಾಡುವವಳು. ಮೆಟ್ಟಿಲು ಹತ್ತುವಾಗ ಬಂದು ಕುಳಿತರೆ ಹೋಗುವ ನೋವನ್ನು ಕಷಾಯ ಕುಡಿದು ಸುಮ್ಮನಾಗಿಸುವಂತಿಲ್ಲ.

ಸಂಘದ ಮಾತು ಬಂದಿದ್ದರಿಂದ ಇಲ್ಲಿಯದನ್ನೂ ಬರೆಯುತ್ತೇನೆ, ನಿಮಗೆ ಇಷ್ಟವಾಗುತ್ತದೆ. ಮೊನ್ನೆ 25ನೇ ತಾರೀಖು ಇವರ ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ. ಜಗತ್ತಿನಲ್ಲೆಲ್ಲ ಆ ರಾತ್ರಿ ಅವನ ಹೆಸರಿನಲ್ಲಿ ಊಟ ನಡೆಯುತ್ತದೆ. ಅವನ ಹೆಸರಿನ ಮೊದಲ ಕ್ಲಬ್ ಹುಟ್ಟಿದ್ದು ನಾನಿರುವ ಈ ಮಳೆಯ ಊರಿನಲ್ಲಿ, 1801ರಲ್ಲಿ. ಕವಿ ತೀರಿಕೊಂಡು ಆಗ ಐದೇ ವರ್ಷವಾಗಿತ್ತು. ಕವಿಯ ಸೀಮೆಯಾದ ಏರ್‌ಷೈರಿನಿಂದ ಈ ಬಂದರಿಗೆ ಬಂದು ನೆಲೆಸಿದ ವ್ಯಾಪಾರಿಗಳು ಅದನ್ನು ಕಟ್ಟಿದರು. ಅವರಲ್ಲಿ ಕೆಲವರು ಅವನನ್ನು ಬಲ್ಲವರೇ. ಈಗಲೂ ಅದಕ್ಕೆ ತಾಯಿ ಕ್ಲಬ್ ಎಂಬ ಹೆಸರಿದೆ. ಪಕ್ಕದ ಪೇಸ್ಲಿ ಊರಿನವರ ಕ್ಲಬ್ಬೂ ಹಳೆಯದು, 1805ರದು. ನೇಯ್ಗೆಯವನಾಗಿದ್ದ ಕವಿ ರಾಬರ್ಟ್ ಟ್ಯಾನಹಿಲ್ ಅದರ ಮೊದಲ ಕಾರ್ಯದರ್ಶಿ. ಯಾರದು ಹಿರಿಯ ಸಂಘ ಎಂಬ ಮಾತು ಎರಡೂ ಊರಿನವರ ನಡುವೆ ಇನ್ನೂ ಮುಗಿದಿಲ್ಲ. ನಮ್ಮಲ್ಲಿ ಇರುವಂತೆಯೇ.

ಇನ್ನೊಂದು ಕೇಳಿ. ಗ್ರೀನಕ್ಕಿನವರು ಮೊದಲ ಜಯಂತಿ ಊಟ ಮಾಡಿದ್ದು 1802ರ ಜನವರಿ 29ರಂದು. ಅದೇ ಹುಟ್ಟಿದ ದಿನ ಎಂದು ನಂಬಿದ್ದರು. ಮರುವರ್ಷ ಏರ್ ಊರಿನ ಚರ್ಚಿನ ದಾಖಲೆ ತೆಗೆಸಿ ನೋಡಿದಾಗ 1759ರ ಜನವರಿ 25 ಎಂದಿತ್ತು. ನಮ್ಮ ಸಂಘ ಶುರುವಾದ ದಿನಕ್ಕಾಗಿ ನೀವು ಅಟ್ಟದಿಂದ ರಸೀದಿ ಪುಸ್ತಕಗಳನ್ನು ಇಳಿಸಿ, ಧೂಳಿಗೆ ಒಂದು ವಾರ ಕೆಮ್ಮಿದ್ದು ನನಗೆ ನೆನಪಾಯಿತು.

ಬರ್ನ್ಸ್ ಪ್ರೀತಿಸಿದ ಮೇರಿ ಕ್ಯಾಂಬೆಲ್ 1786ರಲ್ಲಿ ಜ್ವರ ಬಂದು ತೀರಿಕೊಂಡದ್ದು ಈ ಊರಿನಲ್ಲೇ. ಹಡಗುಕಟ್ಟೆ ದೊಡ್ಡದಾಗಬೇಕಿತ್ತೆಂದು 1920ರಲ್ಲಿ ಅವಳ ಸಮಾಧಿಯನ್ನು ಹಳೆಯ ಚರ್ಚಿನ ಅಂಗಳದಿಂದ ಗುಡ್ಡದ ಕಡೆಯ ಸ್ಮಶಾನಕ್ಕೆ ಸಾಗಿಸಿದರು. ರಜೆಯ ದಿನ ಹೋಗಿ ನೋಡಿಬಂದೆ. ಯಾರೋ ಒಂದು ಹಿಡಿ ಹೂ ಇಟ್ಟಿದ್ದರು, ಮಳೆಗೆ ಬಾಡಿರಲಿಲ್ಲ.

ನನ್ನನ್ನು ಊಟಕ್ಕೆ ಕರೆದದ್ದು ವಾರ್ಡಿನ ಹಿರಿಯ ಸಹೋದ್ಯೋಗಿ, ಅವರ ಮನೆಗೆ. ಹ್ಯಾಗಿಸ್ ಎಂದರೆ ಕುರಿಯ ಹೃದಯ, ಪಿತ್ತಜನಕಾಂಗ, ಶ್ವಾಸಕೋಶಗಳನ್ನು ಕೊಚ್ಚಿ ಓಟ್ಸ್, ಈರುಳ್ಳಿ ಬೆರೆಸಿ ಬೇಯಿಸುವುದು. ಅಮ್ಮ ಗಾಬರಿಯಾಗಬಾರದು, ನನಗೆ ಬೇಳೆ, ಕಾಳು, ಓಟ್ಸ್ ಹಾಕಿದ ಸಸ್ಯಾಹಾರಿ ಹ್ಯಾಗಿಸನ್ನೇ ಬೇರೆ ತಟ್ಟೆಯಲ್ಲಿ ಇಟ್ಟಿದ್ದರು. ಮೆಣಸಿನ ಘಾಟು ಚೆನ್ನಾಗಿತ್ತು. ಕವಿ ಹ್ಯಾಗಿಸ್ ಮೇಲೆಯೇ ಬರೆದ ಪದ್ಯವನ್ನು ಎದುರಿಗೆ ನಿಂತು ಹೇಳಿ, ಚಾಕುವಿನ ಸಾಲು ಬಂದಾಗ ಸೀಳಬೇಕು. ಆ ಮನೆಯ ಯಜಮಾನರು ಮೂವತ್ತು ವರ್ಷದಿಂದ ಹೇಳುತ್ತಿದ್ದವರು. ಹೋದ ವರ್ಷ ಹೃದಯದ ರಕ್ತನಾಳಕ್ಕೆ ಎರಡು ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ಈ ಸಲ ಮೊಮ್ಮಗಳು ಹೇಳಿದಳು, ಹನ್ನೆರಡು ವರ್ಷದ ಹುಡುಗಿ. ನಡುವೆ ಒಂದು ಕಡೆ ತಡವರಿಸಿದಾಗ ಅವರು ಕುಳಿತಲ್ಲಿಂದಲೇ ಒಂದು ಶಬ್ದ ಹೇಳಿಕೊಟ್ಟರು. ಚಾಕು ಇಳಿಯಿತು, ಹಬೆ ಎದ್ದಿತು, ಅವರ ಕನ್ನಡಕ ಮಸುಕಾಯಿತು. ಒರೆಸಿಕೊಳ್ಳದೆ ಹಾಗೆಯೇ ನಗುತ್ತಿದ್ದರು. ಆಗ ನನಗೆ ಅಳು ಬಂದುಬಿಟ್ಟಿತು ಅಪ್ಪ, ಏಕೆಂದು ಅವರಿಗೆ ಹೇಳಲಿಲ್ಲ. ಆಮೇಲೆ ಅವರಿಗಾಗಿ ನಾನು ನೀವು ಕಲಿಸಿದ ‘ಕಾರಿಹೆಗ್ಗಡೆಯ ಮಗಳು’ ಹೇಳಿದೆ. ಮೂಲ ಬರೆದ ಥಾಮಸ್ ಕ್ಯಾಂಬೆಲ್ ಇವರ ಗ್ಲಾಸ್ಗೊದವನೇ ಅಲ್ಲವೇ. ಅರ್ಥ ತಿಳಿಯದಿದ್ದರೂ ದೋಣಿ ಮುಳುಗುವಲ್ಲಿ ಎಲ್ಲರೂ ಸುಮ್ಮನಾದರು.

ಬರ್ನ್ಸ್ ಸತ್ತಾಗ ಬರೀ ಮೂವತ್ತೇಳು. 1796ರ ಜುಲೈನಲ್ಲಿ, ಮೈಯಲ್ಲಿ ಶಕ್ತಿಯೇ ಇಲ್ಲದವನನ್ನು ವೈದ್ಯರ ಸಲಹೆಯಂತೆ ತಣ್ಣನೆಯ ಸಮುದ್ರದ ನೀರಿನಲ್ಲಿ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ, 21ರಂದು ಹೋಗಿಬಿಟ್ಟ. ಅವನನ್ನು ಮಣ್ಣು ಮಾಡಿದ ದಿನವೇ ಹೆಂಡತಿ ಗಂಡುಮಗು ಹೆತ್ತಳು. ಹೃದಯದ ಕಾಯಿಲೆಯೇ ಇದ್ದಿರಬೇಕೆಂದು ಈಗಿನವರು ಹೇಳುತ್ತಾರೆ. ಆಗ ಏನೂ ಇರಲಿಲ್ಲ, ತಣ್ಣೀರು ಇತ್ತು. ಈಗ ಎಲ್ಲ ಇದೆ, ನಮ್ಮೂರಿನಿಂದ ಬಸ್ ಹತ್ತಿದರೆ ಶಿವಮೊಗ್ಗ.

ಆಂಜಿಯೋಗ್ರಾಂ ಏನೂ ಅಲ್ಲ ಅಪ್ಪ. ಕೊಯ್ಯುವುದಿಲ್ಲ, ಪ್ರಜ್ಞೆ ತಪ್ಪಿಸುವುದಿಲ್ಲ. ಹೆಚ್ಚಾಗಿ ಮಣಿಕಟ್ಟಿನ ಹತ್ತಿರ ಸಣ್ಣ ನಳಿಕೆ ಹಾಕುತ್ತಾರೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ನಾನು ದಿನವೂ ನೋಡುತ್ತೇನೆ, ನಿಮಗಿಂತ ಹತ್ತು ವರ್ಷ ಹಿರಿಯರು ಅದೇ ಸಂಜೆ ಚಹಾ ಕುಡಿದು ಮನೆಗೆ ಹೋಗುತ್ತಾರೆ. ತೊಂದರೆಯಾಗುವುದು ತೀರಾ ಅಪರೂಪ, ಹೆದರಬೇಡಿ. ದುಡ್ಡಿನ ಚಿಂತೆ ಬೇಡ, ಅಕ್ಕನ ಖಾತೆಗೆ ಎರಡು ಲಕ್ಷ ಹಾಕಿದ್ದೇನೆ, ಇನ್ನೂ ಬೇಕಾದರೆ ಇದೆ. ನನಗೆ ಇಲ್ಲಿ ಯಾವ ಕಷ್ಟವೂ ಇಲ್ಲ, ಚಳಿಗೆ ಒಳ್ಳೆಯ ಕೋಟು ತೆಗೆದುಕೊಂಡಿದ್ದೇನೆ.

ವರದಿ ಪುಸ್ತಕವನ್ನೂ ಸಂಚಿಕೆಯ ಕರಡನ್ನೂ ಗಿರಿಯ ಕೈಗೆ ಕೊಡಿ. ಅವನು ತಪ್ಪು ಮಾಡಿದರೆ ಮಾಡಲಿ, ದಿನಾಂಕ ತಪ್ಪಿದರೆ ಮರುವರ್ಷ ತಿದ್ದೋಣ. ನೀವು ಮೊದಲ ಸಾಲಿನಲ್ಲಿ ಕುಳಿತು ಹೇಳಿಕೊಡಿ. ಸೋಮವಾರವೇ ಹೊರಡಿ, ಅಕ್ಕ ಜೊತೆಗೆ ಬರುತ್ತಾಳೆ. ಅಲ್ಲಿಯವರೆಗೆ ಸಂಘದ ಮೆಟ್ಟಿಲು ಹತ್ತಬೇಡಿ. ಕುಳಿತ ಮೇಲೂ ನೋವು ಹೋಗದಿದ್ದರೆ ಸೀನ ಮಾವನ ಕಾರು ಕರೆಸಿ ತಕ್ಷಣ ಆಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ.

ರಾತ್ರಿ ಪಾಳಿ ಇದೆ, ಬಸ್ಸು ಬರುವ ಹೊತ್ತಾಯಿತು. ಅಮ್ಮನಿಗೆ ಬೇರೆ ಬರೆಯುತ್ತೇನೆ. ಚೀಟಿ ಪಂಚಾಂಗದಲ್ಲೇ ಇದೆ, ಮರೆಯಬೇಡಿ.

ನಿಮ್ಮ
ವಸುಧಾ