ವ್ಯಾಗನ್ ತಾನೇ ಸುರಿಯುತ್ತೆ ಸರಿ, ಎಲ್ಲಿಗೆ ಸುರಿಯುತ್ತೆ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ನಮ್ಮ ಕಡೆಯ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಸರಕು ಇಳಿಸುವಾಗ ಏಳೋ ಧೂಳಿನ ಬಗ್ಗೆ ಬರೆದಿದ್ದರು. ಅವರು ಬರೆದ ಕಷ್ಟ ನೂರಕ್ಕೆ ನೂರು ನಿಜ. ರೇಕ್, ಅಂದರೆ ವ್ಯಾಗನ್‌ಗಳ ಪೂರ್ತಿ ಸಾಲು, ಬಂದ ದಿನ ಆ ರಸ್ತೆಯಲ್ಲಿ ಬಟ್ಟೆ ಒಣಗಿಸೋ ಹಾಗಿಲ್ಲ, ಹೋಟೆಲಿನವರು ವಡೆ ತಟ್ಟೆ ಮೇಲೆ ಪೇಪರ್ ಮುಚ್ಚಿಡುತ್ತಾರೆ. ಆದರೆ ಪತ್ರದ ಕೊನೆಗೆ ಅವರು ಕೊಟ್ಟ ಪರಿಹಾರ ಓದಿ ಸುಮ್ನೆ ಇರೋಕೆ ಆಗಲಿಲ್ಲ. ‘ಬಟನ್ ಒತ್ತಿದರೆ ತಾನೇ ಸುರಿಯುವ ವ್ಯಾಗನ್ ಇರುವಾಗ ಇನ್ನೂ ಯಾಕೆ ಜೆಸಿಬಿ, ಸಲಿಕೆ?’ ಅಂತ ಕೇಳಿದ್ದಾರೆ. ಕೇಳೋಕೆ ಚೆನ್ನಾಗಿದೆ. ಅಂಥ ವ್ಯಾಗನ್ ನಾಳೆಯೇ ನಮ್ಮ ಶೆಡ್ಡಿಗೆ ಬಂತು ಅಂದುಕೊಳ್ಳಿ. ಬಾಗಿಲು ತೆಗೆದರೆ ಸರಕೆಲ್ಲ ಹಳಿ ಮೇಲೇ ಬೀಳುತ್ತೆ. ಆಮೇಲೆ ರೈಲು ಕದಲೋದೇ ಇಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ತುಮಕೂರಿನ ಅಂತರಸನಹಳ್ಳಿ ಕಡೆ ನಂದೊಂದು ಸಣ್ಣ ವೆಲ್ಡಿಂಗ್ ಶೆಡ್ ಇದೆ. ಇಪ್ಪತ್ತಮೂರು ವರ್ಷದಿಂದ ಟ್ರ್ಯಾಕ್ಟರ್ ಟ್ರೈಲರ್ ಮಾಡುತ್ತಿದ್ದೇನೆ, ಅದರಲ್ಲಿ ಹೈಡ್ರಾಲಿಕ್ ಜಾಕ್ ಹಾಕಿದ ಟಿಪ್ಪಿಂಗ್ ಟ್ರೈಲರೇ ಜಾಸ್ತಿ. ರೈಲ್ವೆ ನೌಕರ ಅಲ್ಲ. ಆದರೆ ಸರಕನ್ನು ಸುರಿಸುವ ಕೆಲಸದ ಕಷ್ಟ ರೈಲಿಗೂ ಟ್ರೈಲರಿಗೂ ಒಂದೇ, ಹಾಗಾಗಿ ಎಲ್ಲಿ ವ್ಯಾಗನ್ ನಿಂತಿದ್ದರೂ ಬಗ್ಗಿ ಅದರ ಹೊಟ್ಟೆ ಕೆಳಗೆ ನೋಡುವ ಚಟ ನನಗೆ. ಹೆಂಡತಿ ಜೊತೆ ಪ್ಲಾಟ್‌ಫಾರಂ ಮೇಲೆ ನಿಂತಾಗಲೂ ಬಿಟ್ಟಿಲ್ಲ, ಬೈಸಿಕೊಂಡಿದ್ದೇನೆ.

ನಮ್ಮ ಗೂಡ್ಸ್ ಶೆಡ್ಡಿಗೆ ಮೂಟೆ ಕಟ್ಟದ ಬಿಡಿ ಸರಕು ಬರೋದು ಹೆಚ್ಚಾಗಿ ಬಾಕ್ಸ್‌ಎನ್ ಅನ್ನೋ ತೆರೆದ ವ್ಯಾಗನ್ನಿನಲ್ಲಿ. ತಳ ಸಪಾಟು, ಪಕ್ಕದಲ್ಲಿ ಚಿಕ್ಕ ಬಾಗಿಲುಗಳು, ಮೇಲೆ ಬಯಲು. ತಾನೇ ಸುರಿಯೋದಕ್ಕೆ ಅದರಲ್ಲಿ ಏನೂ ಇಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಇದನ್ನೇ ಟಿಪ್ಲರ್ ಅನ್ನೋ ಯಂತ್ರ ಹಳಿ ಸಮೇತ ಹಿಡಿದು ಬೋರಲು ಹಾಕುತ್ತೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ಕಲ್ಲಿದ್ದಲು ಇಳಿಸೋದಕ್ಕೆ ಅಂಥ ಟಿಪ್ಲರ್ ಇದೆ. ಅಂದರೆ ಅಲ್ಲಿ ವ್ಯಾಗನ್ ಸುಮ್ನೆ ಒಂದು ಡಬ್ಬ, ಬುದ್ಧಿಯೆಲ್ಲ ನೆಲದ ಮೇಲಿನ ಯಂತ್ರಕ್ಕೆ.

ಓದುಗರು ಹೇಳಿದ ವ್ಯಾಗನ್ ಬೇರೆ. ಅದರ ಮೈಮೇಲೆ ಬಿಒಬಿಆರ್‌ಎನ್ ಅಂತ ಬರೆದಿರುತ್ತೆ, ಸುಲಭಕ್ಕೆ ಹಾಪರ್ ಅನ್ನೋಣ. ಹಿಟ್ಟಿನ ಗಿರಣಿಯಲ್ಲಿ ರಾಗಿ ಸುರಿಯೋ ತೊಟ್ಟಿ ನೋಡಿದ್ದೀರಲ್ಲ, ಮೇಲೆ ಅಗಲ, ಕೆಳಗೆ ಕಿರಿದು, ಅದೇ ಆಕಾರ. ಕೆಳಗೆ ಬಾಗಿಲು, ಅದನ್ನು ತೆಗೆಯೋದಕ್ಕೆ ಗಾಳಿಯ ಸಿಲಿಂಡರು. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಬಾಗಿಲಿನ ಬೀಗ. ಅದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಸಂಪಾದಕರು ಕತ್ತರಿ ಹಾಕಬಾರದು ಅಂತ ವಿನಂತಿ.

ಐವತ್ತಕ್ಕೂ ಜಾಸ್ತಿ ಟನ್ ಕಲ್ಲಿದ್ದಲು ಬಾಗಿಲ ಮೇಲೆ ಕೂತಿರುತ್ತೆ. ಇದನ್ನು ಗಾಳಿಯ ಒತ್ತಡದಿಂದಲೇ ಮುಚ್ಚಿ ಹಿಡಿದಿದ್ದರೆ, ದಾರಿಯಲ್ಲಿ ಒಂದು ಪೈಪ್ ಸೋರಿದರೂ ಸಾಕು, ಸರಕೆಲ್ಲ ಹಳಿ ಪಾಲು. ಹಾಗಾಗಿ ಮುಚ್ಚಿ ಹಿಡಿಯೋ ಕೆಲಸವನ್ನು ಗಾಳಿಗೆ ಕೊಟ್ಟೇ ಇಲ್ಲ. ಮನೆಯಲ್ಲಿ ಹಳೇ ಟ್ರಂಕ್ ಇದ್ದರೆ ಅದರ ಕ್ಲಿಪ್ ಹಾಕಿ ನೋಡಿ. ಅರ್ಧದವರೆಗೆ ಬಿಗಿಯಾಗುತ್ತಾ ಹೋಗುತ್ತೆ, ನಡುಗೆರೆ ದಾಟಿದ ತಕ್ಷಣ ಟಪ್ ಅಂತ ತಾನೇ ಕೂರುತ್ತೆ. ಆಮೇಲೆ ಒಳಗಿನ ಬಟ್ಟೆ ಎಷ್ಟು ಒತ್ತಿದರೂ ಕ್ಲಿಪ್ ಇನ್ನೂ ಬಿಗಿಯಾಗುತ್ತೆ ಹೊರತು ಬಿಚ್ಚಿಕೊಳ್ಳಲ್ಲ. ವ್ಯಾಗನ್ ಬಾಗಿಲಿನ ಸನ್ನೆಗಳೂ ಹಾಗೇ. ಬಾಗಿಲು ಪೂರ್ತಿ ಮುಚ್ಚಿದಾಗ ಎರಡು ಕೊಂಡಿಗಳು ನೆಟ್ಟಗಿನ ಗೆರೆಯನ್ನು ಒಂಚೂರು ದಾಟಿ ನಿಲ್ಲುತ್ತವೆ. ಸರಕಿನ ಭಾರ ಕೆಳಕ್ಕೆ ಒತ್ತಿದಷ್ಟೂ ಕೊಂಡಿ ತನ್ನ ತಡೆಗೆ ಇನ್ನಷ್ಟು ಅದುಮಿಕೊಂಡು ಕೂರುತ್ತೆ. ಭಾರವೇ ಬೀಗ! ಗಾಳಿಗೆ ಇರೋದು ಎರಡೇ ಕೆಲಸ. ಇಳಿಸೋ ಜಾಗದಲ್ಲಿ ಕೊಂಡಿಯನ್ನು ಆ ಗೆರೆ ದಾಟಿಸಿ ವಾಪಸ್ ಈಚೆಗೆ ತಳ್ಳಬೇಕು. ಒಮ್ಮೆ ದಾಟಿತು ಅಂದರೆ ಸರಕೇ ಬಾಗಿಲನ್ನು ದೂಡಿಕೊಂಡು ಬೀಳುತ್ತೆ. ಖಾಲಿಯಾದ ಮೇಲೆ ಬರೀ ಬಾಗಿಲನ್ನು ಎತ್ತಿ ಮುಚ್ಚಬೇಕು, ಅಷ್ಟೇ. ಇದನ್ನು ಯೋಚಿಸಿದವನ ಕೈಗೆ ಮುತ್ತು ಕೊಡಬೇಕು ಅನಿಸುತ್ತೆ ನನಗೆ. ಒಂದೇ ತೊಂದರೆ. ಬಾಗಿಲ ಅಂಚಿಗೆ ಒಂದು ಕಲ್ಲು ಸಿಕ್ಕಿ ಕೊಂಡಿ ಗೆರೆ ದಾಟದೇ ನಿಂತರೆ ಬೀಗ ಬಿದ್ದ ಹಾಗೆ ಕಾಣುತ್ತೆ, ಬಿದ್ದಿರಲ್ಲ. ಅದಕ್ಕೇ ಹೊರಡೋ ಮುಂಚೆ ಯಾರಾದರೂ ಕಣ್ಣಾರೆ ನೋಡಲೇಬೇಕು.

ಸರಿ, ಇಷ್ಟು ಒಳ್ಳೇ ವ್ಯಾಗನ್ ಎಲ್ಲ ಕಡೆ ಯಾಕಿಲ್ಲ? ಇಳಿಜಾರು ಬೇಕು ಅಂದರೆ ಎರಡೂ ತುದಿಯಲ್ಲಿ ಜಾಗ ಹಾಳು. ಬಾಗಿಲು, ಸನ್ನೆ, ಸಿಲಿಂಡರ್ ಎಲ್ಲ ಸೇರಿ ಭಾರವೂ ಜಾಸ್ತಿ. ಸಾಮಾನ್ಯ ಬಾಕ್ಸ್‌ಎನ್ ಖಾಲಿ ಇದ್ದಾಗ ಸುಮಾರು 22.5 ಟನ್, ಹಾಪರ್ 25 ಟನ್ ಮೇಲೆ. ಎರಡಕ್ಕೂ ನಾಲ್ಕೇ ಅಚ್ಚು (ಆಕ್ಸಲ್), ಒಂದು ಅಚ್ಚಿನ ಮೇಲೆ 20.32 ಟನ್ ಅಂತ ಲೆಕ್ಕ ಹಿಡಿದರೆ ವ್ಯಾಗನ್ನೂ ಸರಕೂ ಸೇರಿ ಒಟ್ಟು 81.28 ಟನ್. ವ್ಯಾಗನ್ ತೂಕ ಮೂರು ಟನ್ ಜಾಸ್ತಿಯಾದರೆ ಸರಕು ಮೂರು ಟನ್ ಕಡಿಮೆ. 58 ವ್ಯಾಗನ್ನಿನ ರೇಕಿಗೆ ಗುಣಿಸಿ, 170 ಟನ್ ಮೇಲೆ ಹೋಗುತ್ತೆ. ಜೊತೆಗೆ ಹಾಪರಿನಲ್ಲಿ ವಾಪಸ್ ಬರುವಾಗ ಬೇರೆ ಸಾಮಾನು ತರೋದು ಕಷ್ಟ, ಖಾಲಿ ಓಡಬೇಕು. ಗಣಿ ಮತ್ತು ವಿದ್ಯುತ್ ಸ್ಥಾವರದ ನಡುವೆ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇದ್ದರೆ ಅದು ಲಾಭ. ನಮ್ಮ ಶೆಡ್ಡಿಗೆ ಇವತ್ತು ಸಿಮೆಂಟ್ ಮೂಟೆ, ನಾಳೆ ಗೊಬ್ಬರದ ಮೂಟೆ, ಆಚೆ ನಾಡಿದ್ದು ಬಿಡಿ ಸರಕು. ಮೂಟೆ ಹಾಪರಿನಿಂದ ಸುರಿಯುತ್ತಾ?

ಎಲ್ಲಕ್ಕಿಂತ ಮುಖ್ಯ, ಹಾಪರ್ ಸುರಿಯೋದಕ್ಕೆ ಹಳಿ ಕೆಳಗೆ ಗುಂಡಿ ಬೇಕು. ಆಳದ ಗುಂಡಿ, ಮೇಲೆ ಕಬ್ಬಿಣದ ಜಾಲರಿ, ಕೆಳಗೆ ಸರಕು ಎಳೆದುಕೊಂಡು ಹೋಗೋ ಬೆಲ್ಟು. ಸ್ವೀಡನ್ನಿನ ಕಿರುನಾದಿಂದ ನಾರ್ವೆಯ ನಾರ್ವಿಕ್ ಬಂದರಿಗೆ ಕಬ್ಬಿಣದ ಅದಿರಿನ ರೈಲು ಓಡುತ್ತೆ, ಒಂದು ರೈಲಿಗೆ 68 ವ್ಯಾಗನ್, ಒಂದೊಂದರಲ್ಲಿ ಸುಮಾರು 100 ಟನ್. ತಳದ ಬಾಗಿಲು ತೆಗೆದು ಸುರಿಯುತ್ತವೆ. ಫೋಟೋದಲ್ಲಿ ಎಲ್ಲರೂ ವ್ಯಾಗನ್ ನೋಡುತ್ತಾರೆ. ಅದು ಸುರಿಯೋದು ಬಂಡೆಯೊಳಗೆ ಕೊರೆದ ದೈತ್ಯ ಸೈಲೋಗಳಿಗೆ, ಅಂದರೆ ಅದಿರಿನ ಕಣಜಗಳಿಗೆ, ಅದನ್ನು ಯಾರೂ ನೋಡಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಎತ್ತು ಕಟ್ಟಿ ಬಾವಿಯಿಂದ ನೀರೆತ್ತೋ ಕಪಿಲೆ ನೆನಪಿದೆಯಾ? ನಮ್ಮ ತಾತನ ತೋಟದಲ್ಲಿ ಇತ್ತು, ನಾನು ಕಂಡಾಗ ಬಾವಿಯೇ ಬತ್ತಿತ್ತು, ಆದರೆ ಅಪ್ಪ ಕೈಯಾಡಿಸಿ ತೋರಿಸುತ್ತಿದ್ದರು. ಚರ್ಮದ ಬಾನಿಗೆ ಕೆಳಗೊಂದು ಸೊಂಡಿಲು. ಬಾನಿಗೆ ದಪ್ಪ ಹಗ್ಗ, ಅದು ಎತ್ತರದ ಗಾಲಿ ಮೇಲೆ. ಸೊಂಡಿಲ ತುದಿಗೆ ಸಣ್ಣ ಹಗ್ಗ, ಅದು ಕೆಳಗಿನ ಉರುಳೆ ಮೇಲೆ. ಎರಡನ್ನೂ ಎತ್ತುಗಳು ಒಟ್ಟಿಗೆ ಎಳೆಯುತ್ತವೆ, ಬಾವಿಯೊಳಗೆ ಸೊಂಡಿಲು ಮಡಚಿಕೊಂಡು ಬಾನಿಯ ಬಾಯಿಯ ಮಟ್ಟಕ್ಕೇ ಇರುತ್ತೆ, ಒಂದು ತೊಟ್ಟೂ ಚೆಲ್ಲಲ್ಲ. ಮೇಲೆ ಬಂದಾಗ ಸೊಂಡಿಲು ಕೆಳಗಿನ ಉರುಳೆ ದಾಟಿ ಈಚೆಗೆ ಬರುತ್ತೆ, ಬಾನಿ ಇನ್ನೂ ಮೇಲೇರುತ್ತೆ, ನೀರು ತಾನಾಗಿ ಸುರಿಯುತ್ತೆ. ಯಾರೂ ಬಾನಿ ಮುಟ್ಟಬೇಕಾಗಿಲ್ಲ. ಬಟನ್ನೂ ಇಲ್ಲ, ಕರೆಂಟೂ ಇಲ್ಲ. ಆದರೆ ಸೊಂಡಿಲ ಎದುರಿಗೆ ಕಲ್ಲಿನ ತೊಟ್ಟಿ, ತೊಟ್ಟಿಯಿಂದ ಕಾಲುವೆ ಇಲ್ಲದಿದ್ದರೆ ನೀರು ಎತ್ತಿನ ಕಾಲಿಗೇ!

ಪಕ್ಕಕ್ಕೆ ವಾಲಿ ಸುರಿಯೋ ವ್ಯಾಗನ್ನೂ ಇದೆ ಅಂತ ಯಾರಾದರೂ ಹೇಳಬಹುದು. ಇದೆ. ಅಮೆರಿಕದಲ್ಲಿ ಅದನ್ನು ಏರ್ ಡಂಪ್ ಕಾರ್ ಅನ್ನುತ್ತಾರೆ. ಡಬ್ಬದ ಒಂದು ಪಕ್ಕವನ್ನು ಗಾಳಿ ಸಿಲಿಂಡರುಗಳು ಎತ್ತುತ್ತವೆ, ಇನ್ನೊಂದು ಪಕ್ಕದ ಗೋಡೆ ಸನ್ನೆಗಳ ಲೆಕ್ಕದಲ್ಲಿ ತಾನೇ ಕೆಳಗೆ ಮಡಚಿಕೊಂಡು ಜಾರುಬಂಡೆಯ ಹಾಗೆ ಹೊರಕ್ಕೆ ಚಾಚುತ್ತೆ, ಸರಕು ಹಳಿಯಿಂದ ದೂರ ಹೋಗಿ ಬೀಳುತ್ತೆ. ಏರಿ ಕಟ್ಟೋಕೆ, ಮಣ್ಣು ತುಂಬೋಕೆ ಒಳ್ಳೇದು. ಗುಂಡಿ ಬೇಡ ನಿಜ, ಆದರೆ ಪಕ್ಕದಲ್ಲಿ ಇಳಿಜಾರು ಬೇಕು. ಸಮತಟ್ಟು ನೆಲದಲ್ಲಿ ಎರಡು ವ್ಯಾಗನ್ ಸುರಿಯೋ ಹೊತ್ತಿಗೆ ರಾಶಿ ಹಳಿ ಹತ್ತಿರ ಬಂದಿರುತ್ತೆ. ಧೂಳಂತೂ ಜೆಸಿಬಿಗಿಂತ ಜಾಸ್ತಿಯೇ, ಒಂದೇ ಸಲ ಬೀಳುತ್ತಲ್ಲ.

ವಾಲಿಸೋದರಲ್ಲಿ ಇನ್ನೊಂದು ಅಪಾಯ ಇದೆ, ಅದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಹತ್ತು ವರ್ಷದ ಹಿಂದೆ ಗುಬ್ಬಿ ಕಡೆಯ ರೈತರೊಬ್ಬರಿಗೆ ಟಿಪ್ಪಿಂಗ್ ಟ್ರೈಲರ್ ಮಾಡಿಕೊಟ್ಟೆ. ಒಣ ಮರಳು, ಜಲ್ಲಿಗೆ ಚೆನ್ನಾಗಿಯೇ ನಡೆಯಿತು. ಬೇಸಿಗೆಯಲ್ಲಿ ಕೆರೆ ಗೋಡು ತುಂಬಿದರು. ಒದ್ದೆ ಗೋಡು. ಜಾಕ್ ಎತ್ತಿದರೆ ಟ್ರೈಲರ್ ಏಳುತ್ತಾ ಹೋಯಿತು, ಗೋಡು ಮಾತ್ರ ಅಂಟಿಕೊಂಡು ಕೂತೇ ಇತ್ತು. ಒಂದು ಚಕ್ರ ಮೆತ್ತನೆ ಮಣ್ಣಿನಲ್ಲಿತ್ತು. ಭಾರವೆಲ್ಲ ಮೇಲೆ, ನೆಲ ಒಂದು ಕಡೆ ಇಳಿಯಿತು, ಟ್ರೈಲರ್ ಪಕ್ಕಕ್ಕೆ ಮಲಗಿತು. ದೇವರ ದಯೆ, ಹತ್ತಿರ ಯಾರೂ ಇರಲಿಲ್ಲ. ಜಾಕ್ ಬಿಲ್ಲಿನ ಹಾಗೆ ಬಗ್ಗಿತು. ತಪ್ಪು ನಂದೇ. ತೊಟ್ಟಿಯ ಮೂಲೆಗಳನ್ನು ಚೌಕಾಗಿ ಬಿಟ್ಟಿದ್ದೆ, ಹಿಂದುಗಡೆಗೆ ಅಗಲ ಕೊಟ್ಟಿರಲಿಲ್ಲ. ಈಗ ಮೂಲೆಗಳನ್ನು ದುಂಡಗೆ ಬಗ್ಗಿಸುತ್ತೇನೆ, ಬಾಗಿಲ ಕಡೆಗೆ ಎರಡು ಇಂಚು ಅಗಲ ಜಾಸ್ತಿ ಇಡುತ್ತೇನೆ.

ರೈಲು ವ್ಯಾಗನ್ನಿಗೂ ಇದೇ ಕಥೆ. ಕಣದಲ್ಲಿ ರಾಗಿ ಸುರಿದರೆ ರಾಶಿ ಒಂದು ಇಳಿಜಾರಿಗೆ ನಿಲ್ಲುತ್ತೆ, ಅದಕ್ಕಿಂತ ಕಡಿದಾಗಿ ನಿಲ್ಲಲ್ಲ. ವ್ಯಾಗನ್ ತಳ ಆ ಇಳಿಜಾರಿಗಿಂತ ಚೆನ್ನಾಗಿ ಕಡಿದಾಗಿರಬೇಕು, ಇಲ್ಲದಿದ್ದರೆ ಸರಕು ಕೂತೇ ಇರುತ್ತೆ. ಮಳೆಯಲ್ಲಿ ನೆನೆದ ಅದಿರಿನ ಪುಡಿಗೆ ಈ ಲೆಕ್ಕವೂ ಸಾಲದು, ಬಾಗಿಲು ತೆಗೆದರೂ ಮೇಲೆ ಕಮಾನಿನ ಹಾಗೆ ಕಟ್ಟಿಕೊಂಡು ನಿಲ್ಲುತ್ತೆ. ಆಗ ಸುತ್ತಿಗೆಯಲ್ಲಿ ಬಡಿಯುತ್ತಾರೆ. ಬಡಿದಷ್ಟೂ ತಗಡು ತಗ್ಗಾಗುತ್ತೆ, ತಗ್ಗಿನಲ್ಲಿ ಸರಕು ಇನ್ನೂ ಹಿಡಿಯುತ್ತೆ. ತಾನೇ ಸುರಿಯೋ ವ್ಯಾಗನ್ ಪಕ್ಕದಲ್ಲೂ ಸಲಿಕೆ ಹಿಡಿದ ಇಬ್ಬರು ಬೇಕಾಗುವ ದಿನಗಳಿವೆ ಅಂತ ಹೇಳೋಕೆ ಇಷ್ಟು ಬರೆದೆ.

ವ್ಯಾಗನ್ ತಾನೇ ಸುರಿಯದಿದ್ದರೂ ಬೇಗ ಖಾಲಿ ಮಾಡೋ ದಾರಿ ಇದೆ. ಪನಾಮ ಕಾಲುವೆ 1914ರಲ್ಲಿ ಹಡಗುಗಳಿಗೆ ತೆರೆಯಿತು. ಅದನ್ನು ತೋಡುವಾಗ ಮಣ್ಣು ಸಾಗಿಸೋದಕ್ಕೆ ಡಂಪ್ ಕಾರುಗಳೂ ಇದ್ದವು, ಆದರೆ ನನಗೆ ಖುಷಿ ಕೊಟ್ಟಿದ್ದು ಇನ್ನೊಂದು ಉಪಾಯ. ಒಂದೇ ಪಕ್ಕಕ್ಕೆ ಗೋಡೆ ಇರೋ ಸಪಾಟು ವ್ಯಾಗನ್‌ಗಳು, ನಡುವಿನ ಸಂದಿಗೆ ತಗಡಿನ ಸೇತುವೆ. ರೈಲಿನ ಒಂದು ತುದಿಯಲ್ಲಿ ದೊಡ್ಡ ನೇಗಿಲಿನಂಥ ತಗಡು, ಇನ್ನೊಂದು ತುದಿಯಲ್ಲಿ ಅದನ್ನು ಹಗ್ಗದಿಂದ ಎಳೆಯೋ ಯಂತ್ರ. ನೇಗಿಲು ರೈಲಿನ ಉದ್ದಕ್ಕೂ ಹೋಗುತ್ತಾ ಮಣ್ಣನ್ನೆಲ್ಲ ಪಕ್ಕಕ್ಕೆ ತಳ್ಳುತ್ತಿತ್ತು. ಇಪ್ಪತ್ತು ವ್ಯಾಗನ್ ಹತ್ತು ನಿಮಿಷದಲ್ಲಿ ಖಾಲಿ ಆಗುತ್ತಿತ್ತಂತೆ. ವ್ಯಾಗನ್ನಿಗೆ ಬಾಗಿಲೂ ಇಲ್ಲ, ಸಿಲಿಂಡರೂ ಇಲ್ಲ.

ಹಾಗಾದರೆ ನಾವು ಏನು ಕೇಳಬೇಕು? ಈಗಿರೋ ಶೆಡ್ಡಿಗೆ ಸಾಧಾರಣ ಕೆಲಸ ಸಾಕು. ಸರಕು ಇಳಿಸೋ ಮುಂಚೆ ನೀರು ಚಿಮುಕಿಸಲಿ. ಮನೆಗಳ ಕಡೆ ಎತ್ತರದ ಗೋಡೆ ಕಟ್ಟಲಿ. ಜೆಸಿಬಿಯವರು ಬಕೆಟ್ಟನ್ನು ಲಾರಿಯೊಳಗೆ ಇಳಿಸಿ ಸುರಿಯಲಿ, ಆಕಾಶದಿಂದ ಅಲ್ಲ. ಲಾರಿ ಹೊರಡೋ ಮುಂಚೆ ಟಾರ್ಪಾಲು ಕಟ್ಟಲಿ. ರೇಕ್ ಜಾಸ್ತಿ ಹೊತ್ತು ನಿಂತರೆ ಡೆಮರೇಜ್ ಅನ್ನೋ ದಂಡ ಬೀಳುತ್ತೆ ಅಂತ ಎಲ್ಲರೂ ಅವಸರ ಮಾಡುತ್ತಾರೆ, ಆ ಅವಸರವೇ ಅರ್ಧ ಧೂಳು.

ಗುಂಡಿಯ ಮಾತು ಎತ್ತಬೇಕಾದ್ದು ಬೇರೆ ಕಡೆ. ತುಮಕೂರಿನಿಂದ ಮಧುಗಿರಿ, ಪಾವಗಡ ಮೇಲೆ ರಾಯದುರ್ಗಕ್ಕೆ, ಇನ್ನೊಂದು ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೊಸ ಹಳಿಯ ಕೆಲಸ ನಡೆಯುತ್ತಿದೆ. ಆ ದಾರಿಯಲ್ಲಿ ಎಲ್ಲಾದರೂ ಬಿಡಿ ಸರಕಿಗೆ ಅಂತಲೇ ಸೈಡಿಂಗ್ (ಸರಕು ಇಳಿಸೋ ಪಕ್ಕದ ಹಳಿ) ಹಾಕೋದಾದರೆ, ನಕ್ಷೆ ಬರೆಯುವಾಗಲೇ ಊರಿನಿಂದ ದೂರ ಜಾಗ ನೋಡಿ ಹಳಿ ಕೆಳಗೆ ಗುಂಡಿಗೂ ಬೆಲ್ಟಿಗೂ ಜಾಗ ಬಿಡಲಿ. ಹಳಿ ಹಾಕಿದ ಮೇಲೆ ತೋಡೋದು ಮದುವೆ ಊಟಕ್ಕೆ ಕೂತ ಮೇಲೆ ಒಲೆ ಹಚ್ಚಿದ ಹಾಗೆ. ಅಂದ ಹಾಗೆ ಹೊಸ ಹಳಿಗೆ ಜಲ್ಲಿ ಸುರಿಯೋ ಹಾಪರ್ ರೈಲು ಬಂದಾಗ ಹೋಗಿ ನೋಡಿ. ಅದು ಮಾತ್ರ ಗುಂಡಿ ಕೇಳಲ್ಲ, ಹಳಿ ಮೇಲೆ ಸುರಿಯೋದೇ ಅದರ ಕೆಲಸ. ರೈಲು ನಡಿಗೆಯ ವೇಗದಲ್ಲಿ ಹೋಗುತ್ತಿರುತ್ತೆ, ಪಕ್ಕದಲ್ಲಿ ಜನ ಬಾಗಿಲನ್ನು ಹದವಾಗಿ ತೆಗೆಯುತ್ತಾ ಮುಚ್ಚುತ್ತಾ ಇರುತ್ತಾರೆ, 20ರಿಂದ 65 ಮಿಲಿಮೀಟರ್ ಗಾತ್ರದ ಜಲ್ಲಿ ಹಳಿಯ ನಡುವೆ ಮತ್ತು ಎರಡು ಪಕ್ಕಕ್ಕೆ ಹರಡಿಕೊಳ್ಳುತ್ತೆ.

ಪತ್ರ ಬರೆದ ಓದುಗರ ಮೇಲೆ ನನಗೆ ಬೇಸರ ಇಲ್ಲ, ಅವರಿಂದಲೇ ಇಷ್ಟು ಬರೆಯೋ ಹಾಗಾಯಿತು. ಬಿಡುವಾದಾಗ ನಮ್ಮ ವೆಲ್ಡಿಂಗ್ ಶೆಡ್ಡಿಗೆ ಬರಲಿ, ಟೀ ಕುಡಿಯೋಣ. ಬಗ್ಗಿದ ಆ ಜಾಕನ್ನು ಗುಜರಿಗೆ ಹಾಕಿಲ್ಲ, ಬಾಗಿಲ ಪಕ್ಕದಲ್ಲೇ ಒರಗಿಸಿ ಇಟ್ಟಿದ್ದೇನೆ.

ಇಂತಿ,
ಟ್ರೈಲರ್ ಮಾಡುವ ಒಬ್ಬ ಓದುಗ, ತುಮಕೂರು